ಎದೆಬಡಿತ ಲಯ ತಪ್ಪುವುದೇಕೆ? ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಏಕಾಗದು?

ಕೂತಿದ್ದ ಹಾಗೇ ಎದೆ ಡವಡವ ಹೊಡೆದುಕೊಳ್ಳಲು ಶುರುವಾಗುತ್ತದೆ. ಕೈ ಬೆವರುತ್ತದೆ, ಉಸಿರು ಸಾಲದಂತಾಗುತ್ತದೆ. ಹತ್ತು ನಿಮಿಷವೋ ಅರ್ಧ ಗಂಟೆಯೋ ಕಳೆದ ಮೇಲೆ ತಟ್ಟನೆ ನಿಲ್ಲುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿದರೆ ‘ನಾರ್ಮಲ್’ ಎಂದು ಬರುತ್ತದೆ. ಮನೆಯವರು ಗ್ಯಾಸ್ ಎನ್ನುತ್ತಾರೆ. ಪಕ್ಕದ ಮನೆಯವರು ಟೆನ್ಷನ್ ಎನ್ನುತ್ತಾರೆ. ಇಂಥದ್ದೇ ತೊಂದರೆಯಿರುವ ನೆಂಟರೊಬ್ಬರು ತಮ್ಮ ಮಾತ್ರೆಯ ಪಟ್ಟಿಯಿಂದ ಒಂದನ್ನು ಬಿಡಿಸಿ ಕೊಡುತ್ತಾರೆ. ಈ ಮಾತ್ರೆಯನ್ನು ಮಾತ್ರ ದಯವಿಟ್ಟು ನುಂಗಬೇಡಿ. ಹೊರಗೆ ಒಂದೇ ರೀತಿ ಕಾಣುವ ಡವಡವದ ಹಿಂದೆ ಜೀವಕೋಶಗಳಲ್ಲಿ ಬೇರೆ ಬೇರೆ ದೋಷಗಳಿರುತ್ತವೆ. ಒಂದು ದೋಷಕ್ಕೆ ಒದಗುವ ಮದ್ದು ಇನ್ನೊಂದರಲ್ಲಿ ಜೀವಕ್ಕೇ ಮುಳುವಾಗಬಹುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೃದಯಾಘಾತವೇ ಬೇರೆ, ಲಯದೋಷವೇ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಹೃದಯದೊಳಗಿನ ವಿದ್ಯುತ್ ಸಂಕೇತ ಹುಟ್ಟುವುದರಲ್ಲೋ ಹರಿಯುವುದರಲ್ಲೋ ಏರುಪೇರಾದರೆ ಲಯದೋಷ. ವೈದ್ಯರು ಅರಿತ್ಮಿಯಾ ಎನ್ನುವುದು ಇದಕ್ಕೇ. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ ಎಂದು ಬಂದರೆ ರಕ್ತನಾಳಗಳು ಚೆನ್ನಾಗಿವೆ ಎಂದಷ್ಟೇ ಅರ್ಥ. ವಿದ್ಯುತ್ತಿನ ವಿಚಾರವನ್ನು ಅದು ಹೇಳುವುದಿಲ್ಲ. ಎರಡಕ್ಕೂ ನಂಟಿದೆ ನಿಜ. ಹೃದಯಾಘಾತ ಉಳಿಸಿಹೋದ ಕಲೆ ಮುಂದೆ ಲಯದೋಷಕ್ಕೆ ಎಡೆಮಾಡಿಕೊಡಬಹುದು. ಅದನ್ನು ಆಮೇಲೆ ನೋಡೋಣ.

ಒಂದು ಬಡಿತ ಹುಟ್ಟುವುದು ಹೀಗೆ

ಹೃದಯದ ಬಲ ಮೇಲ್ಕೋಣೆಯ ತುದಿಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪಿದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಇದನ್ನು ಗುರುತಿಸಿದರು. ಬಡಿತ ಹುಟ್ಟುವುದು ಇಲ್ಲಿ. ಸಂಕೇತ ಇಲ್ಲಿಂದ ಎರಡೂ ಮೇಲ್ಕೋಣೆಗಳಲ್ಲಿ ಹರಡುತ್ತದೆ. ನಡುವಿನ ಎವಿ ನೋಡ್ ಎಂಬ ಜಾಗಕ್ಕೆ ಬಂದು ಅರೆಗಳಿಗೆ ತಡೆಯುತ್ತದೆ. ಆಮೇಲೆ ಕೆಳಕೋಣೆಗಳಿಗೆ ಇಳಿಯುತ್ತದೆ. ಈ ಎವಿ ನೋಡನ್ನು 1906ರಲ್ಲಿ ವಿವರಿಸಿದವರು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರ.

ಈ ಸಂಕೇತ ತಂತಿಯೊಳಗೆ ಹರಿಯುವ ಕರೆಂಟ್ ಅಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಸರದಿ ಬಂದಾಗ ಅದನ್ನು ಹೊಸದಾಗಿ ಹುಟ್ಟಿಸಿ ಪಕ್ಕದ್ದಕ್ಕೆ ದಾಟಿಸುತ್ತದೆ. ಜೀವಕೋಶದ ಪೊರೆಯಲ್ಲಿ ಅಯಾನ್ ಚಾನೆಲ್ ಎಂಬ ಸೂಕ್ಷ್ಮ ಕಿಂಡಿಗಳಿವೆ. ಸೋಡಿಯಂಗೆ ಬೇರೆ, ಕ್ಯಾಲ್ಸಿಯಂಗೆ ಬೇರೆ, ಪೊಟ್ಯಾಷಿಯಂಗೆ ಬೇರೆ. ಸುಮ್ಮನಿರುವಾಗ ಕೆಳಕೋಣೆಯ ಜೀವಕೋಶದ ಒಳಗು ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಋಣದಲ್ಲಿರುತ್ತದೆ. ಸರದಿ ಬಂದೊಡನೆ ಸೋಡಿಯಂ ಒಳನುಗ್ಗುತ್ತದೆ. ಅದರ ಬೆನ್ನಿಗೇ ಕ್ಯಾಲ್ಸಿಯಂ ಬರುತ್ತದೆ. ಸ್ನಾಯು ಹಿಂಡಿಕೊಳ್ಳುವುದು ಕ್ಯಾಲ್ಸಿಯಂ ಬಂದದ್ದರಿಂದಲೇ. ಕೊನೆಗೆ ಪೊಟ್ಯಾಷಿಯಂ ಹೊರಹೋಗಿ ಜೀವಕೋಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಎಲ್ಲ ಸೇರಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು. ಹೆಚ್ಚುಕಡಿಮೆ ಅಷ್ಟು ಹೊತ್ತೂ ಆ ಜೀವಕೋಶ ಇನ್ನೊಂದು ಸಂಕೇತಕ್ಕೆ ಓಗೊಡುವುದಿಲ್ಲ. ಈ ಬಿಡುವಿಗೆ ರಿಫ್ರ್ಯಾಕ್ಟರಿ ಅವಧಿ ಎನ್ನುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಸೈನಸ್ ನೋಡ್ ಮತ್ತು ಎವಿ ನೋಡಿನ ಜೀವಕೋಶಗಳು ಮಾತ್ರ ಸ್ವಲ್ಪ ಬೇರೆ. ಅಲ್ಲಿ ಸಂಕೇತ ಏಳುವುದು ಸೋಡಿಯಂನಿಂದಲ್ಲ, ಕ್ಯಾಲ್ಸಿಯಂನಿಂದ. ಎವಿ ನೋಡಿನಲ್ಲಿ ಸಂಕೇತ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಈಗ ನಿಮ್ಮ ಚೀಟಿಯಲ್ಲಿರುವ ಹೆಸರುಗಳನ್ನು ನೋಡಿ. ವೆರಾಪಮಿಲ್, ಡಿಲ್ಟಿಯಜೆಮ್ ಕ್ಯಾಲ್ಸಿಯಂ ಕಿಂಡಿಯನ್ನು ತಡೆಯುತ್ತವೆ. ಹಾಗಾಗಿ ಅವುಗಳ ಪ್ರಭಾವ ಎವಿ ನೋಡಿನ ಮೇಲೆ ಜಾಸ್ತಿ. ಫ್ಲೆಕೈನೈಡ್ ತಡೆಯುವುದು ಸೋಡಿಯಂ ಕಿಂಡಿಯನ್ನು. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್, ಅಂದರೆ ಅಡ್ರಿನಲಿನ್ ಹಾರ್ಮೋನಿನ ಒತ್ತಡ ಜೀವಕೋಶಕ್ಕೆ ತಟ್ಟದಂತೆ ಮಾಡುತ್ತದೆ. ಅಮಿಯೋಡರೋನ್ ಮುಖ್ಯವಾಗಿ ಪೊಟ್ಯಾಷಿಯಂ ಕಿಂಡಿಯನ್ನು ತಡೆದು ಬಿಡುವಿನ ಹೊತ್ತನ್ನು ಉದ್ದ ಮಾಡುತ್ತದೆ, ಉಳಿದವನ್ನೂ ಅಷ್ಟಿಷ್ಟು ಮುಟ್ಟುತ್ತದೆ. ಎಲ್ಲವನ್ನೂ ಜನ ‘ಹಾರ್ಟ್ ಮಾತ್ರೆ’ ಎಂದೇ ಕರೆಯುತ್ತಾರೆ. ಜೀವಕೋಶದ ಮಟ್ಟದಲ್ಲಿ ಅವು ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಹಾಗಾದರೆ ಲಯ ಎಲ್ಲಿ ತಪ್ಪುತ್ತದೆ? ಮುಖ್ಯವಾಗಿ ಮೂರು ಬಗೆಯಲ್ಲಿ. ಮೊದಲನೆಯದನ್ನು ಬೇಗ ಮುಗಿಸಬಹುದು. ಸಂಕೇತ ಹುಟ್ಟಿಸುವ ಜೀವಕೋಶವೇ ವೇಗವಾಗುವುದು, ಇಲ್ಲವೇ ಸೋಲುವುದು. ಜ್ವರ, ರಕ್ತಹೀನತೆ, ಥೈರಾಯ್ಡ್ ಹೆಚ್ಚಾಗುವುದು ಇವೆಲ್ಲ ಸೈನಸ್ ನೋಡನ್ನು ಓಡಿಸುತ್ತವೆ. ಈ ವೇಗ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಇಲ್ಲಿ ಸರಿಪಡಿಸಬೇಕಾದ್ದು ಹೃದಯವನ್ನಲ್ಲ, ಮೂಲ ಕಾರಣವನ್ನು. ಆದ್ದರಿಂದಲೇ ವೈದ್ಯರು ಹಿಮೋಗ್ಲೋಬಿನ್ ಮತ್ತು ಟಿಎಸ್ಎಚ್ ಪರೀಕ್ಷೆ ಬರೆದುಕೊಡುತ್ತಾರೆ. ವಯಸ್ಸಾದಂತೆ ಸೈನಸ್ ನೋಡ್ ಸೋತು, ಬಡಿತ ತೀರಾ ನಿಧಾನವಾಗಿ ತಲೆಸುತ್ತಿ ಬೀಳುವಂತಾದರೆ ಪೇಸ್‌ಮೇಕರ್ ಬೇಕಾಗುತ್ತದೆ.

ಸುತ್ತುತ್ತಲೇ ಇರುವ ಸಂಕೇತ

ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ, ಕ್ರಮಬದ್ಧವಾದ ವೇಗದ ಬಡಿತ ಬಹುಪಾಲು ಎರಡನೆಯ ಗುಂಪಿನದು. ಚೀಟಿಯಲ್ಲಿ ಎಸ್‌ವಿಟಿ ಎಂದು ಬರೆದಿರುತ್ತಾರೆ. ನಾಡಿ ನಿಮಿಷಕ್ಕೆ 150, 180, ಕೆಲವೊಮ್ಮೆ 200ನ್ನೂ ದಾಟುತ್ತದೆ. ಹರೆಯದವರಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಇಂಥ ಕೆಲವರಲ್ಲಿ ಎವಿ ನೋಡಿನ ಬಳಿ ಸಂಕೇತಕ್ಕೆ ಎರಡು ದಾರಿಗಳಿರುತ್ತವೆ. ಒಂದು ಬೇಗ ದಾಟಿಸುತ್ತದೆ, ಆದರೆ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಇನ್ನೊಂದು ನಿಧಾನ, ಆದರೆ ಬೇಗ ಚೇತರಿಸಿಕೊಳ್ಳುತ್ತದೆ. ಎಂದೋ ಒಮ್ಮೆ ಅಕಾಲದಲ್ಲಿ ಒಂದು ಹೆಚ್ಚುವರಿ ಬಡಿತ ಬಂತೆನ್ನಿ. ಬೇಗದ ದಾರಿ ಇನ್ನೂ ಬಿಡುವಿನಲ್ಲಿದೆ. ಸಂಕೇತ ನಿಧಾನದ ದಾರಿಯಲ್ಲಿ ಇಳಿಯುತ್ತದೆ. ಅದು ಕೆಳಗೆ ತಲುಪುವಷ್ಟರಲ್ಲಿ ಬೇಗದ ದಾರಿ ಚೇತರಿಸಿಕೊಂಡಿರುತ್ತದೆ. ಸಂಕೇತ ಅದರಲ್ಲಿ ಮೇಲಕ್ಕೆ ಹತ್ತುತ್ತದೆ, ಮತ್ತೆ ನಿಧಾನದ ದಾರಿಯಲ್ಲಿ ಇಳಿಯುತ್ತದೆ. ಹೀಗೆ ಗಾಣದ ಎತ್ತಿನ ಹಾಗೆ ಅದೇ ಜಾಡಿನಲ್ಲಿ ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿಗೆ ಒಂದು ಬಡಿತ. ಇದನ್ನು ರೀಎಂಟ್ರಿ, ಅಂದರೆ ಮರುಪ್ರವೇಶ ಎನ್ನುತ್ತಾರೆ. ಬ್ರಿಟಿಷ್ ವಿಜ್ಞಾನಿ ಜಾರ್ಜ್ ಮೈನ್ಸ್ 1913ರಲ್ಲಿ, ಪ್ರಾಣಿಗಳ ಹೃದಯದಿಂದ ತೆಗೆದ ಉಂಗುರದಂಥ ಸ್ನಾಯುವಿನಲ್ಲಿ ಈ ಸುತ್ತನ್ನು ತೋರಿಸಿದರು. ಉಂಗುರವನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿದರೆ ಸುತ್ತು ನಿಲ್ಲುತ್ತದೆ ಎಂಬುದನ್ನೂ ಅವರೇ ಎತ್ತಿ ಹೇಳಿದರು. ಮರುವರ್ಷ, ಬರೀ 28ನೇ ವಯಸ್ಸಿನಲ್ಲಿ, ಮೈನ್ಸ್ ತೀರಿಕೊಂಡರು. ಇಂದು ಸಾವಿರಾರು ಜನ ಮಾತ್ರೆಯ ಹಂಗಿಲ್ಲದೆ ಬದುಕುತ್ತಿರುವುದು ಅವರ ಆ ಒಂದು ಮಾತಿನ ಆಧಾರದ ಮೇಲೆ.

ಸುತ್ತನ್ನು ಮುರಿಯುವುದು ಹೇಗೆ? ಮೊದಲ ಉಪಾಯಕ್ಕೆ ಖರ್ಚೇ ಇಲ್ಲ. ಉಸಿರು ಬಿಗಿಹಿಡಿದು ಮುಕ್ಕಿದಾಗ ವೇಗಸ್ ಎಂಬ ನರ ಚುರುಕಾಗಿ ಎವಿ ನೋಡನ್ನು ನಿಧಾನಗೊಳಿಸುತ್ತದೆ, ಸುತ್ತು ಅಲ್ಲಿ ಕಡಿಯಬಹುದು. ಇದರ ಸುಧಾರಿತ ವಿಧಾನ ಹೀಗಿದೆ. ಅರೆ ಒರಗಿ ಕೂತು, 10 ಮಿ.ಲೀ. ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ಪಿಸ್ಟನ್ ಅಲುಗುವಷ್ಟು ಬಲವಾಗಿ 15 ಸೆಕೆಂಡು ಊದಬೇಕು. ಕೂಡಲೇ ಅಂಗಾತ ಮಲಗಬೇಕು. ಇನ್ನೊಬ್ಬರು ಕಾಲುಗಳನ್ನು 45 ಡಿಗ್ರಿಯಷ್ಟು ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ ನೂರಕ್ಕೆ 43 ಮಂದಿಗೆ ಲಯ ಮರಳಿತು. ಬರೀ ಮುಕ್ಕಿದವರಲ್ಲಿ 17 ಮಂದಿಗೆ ಮಾತ್ರ. ನಿಮಗಿರುವುದು ಎಸ್‌ವಿಟಿ ಎಂದು ಖಚಿತವಾಗಿರಬೇಕು, ಮೊದಲ ಸಲ ವೈದ್ಯರ ಎದುರಿಗೇ ಕಲಿಯಬೇಕು. ಆಮೇಲೆ ಮನೆಯಲ್ಲಿ ಮಾಡಬಹುದು.

ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಅಡೆನೊಸಿನ್ ಚುಚ್ಚುಮದ್ದು ಕೊಡುತ್ತಾರೆ. ಅದು ಎವಿ ನೋಡಿನ ಪೊಟ್ಯಾಷಿಯಂ ಕಿಂಡಿಗಳನ್ನು ತೆರೆಸಿ ಸಂಕೇತವನ್ನು ಕೆಲ ಕ್ಷಣ ತಡೆಯುತ್ತದೆ. ಆ ಕೆಲವು ಸೆಕೆಂಡು ಎದೆ ಬಿಗಿದು, ಜೀವವೇ ಹೋದಂತೆನಿಸುತ್ತದೆ. ಹೆದರಬೇಡಿ. ಹತ್ತು ಸೆಕೆಂಡಿನೊಳಗೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೂ ಕೆಳಗಿಳಿಯುತ್ತದೆ. ಆಸ್ತಮಾ ಇದ್ದರೆ, ಅದಕ್ಕೆ ಥಿಯೋಫಿಲಿನ್ ಇರುವ ಮಾತ್ರೆ ನುಂಗುತ್ತಿದ್ದರೆ, ಆಗತಾನೆ ಕಾಫಿ ಕುಡಿದಿದ್ದರೆ ಮೊದಲೇ ಹೇಳಿ. ಥಿಯೋಫಿಲಿನ್ನೂ ಕಾಫಿಯ ಕೆಫೀನೂ ಅಡೆನೊಸಿನ್ನಿಗೆ ಅಡ್ಡಬರುತ್ತವೆ.

ಶಾಶ್ವತ ಪರಿಹಾರ ಅಬ್ಲೇಷನ್. ಮೈನ್ಸ್ ಹೇಳಿದ ಕತ್ತರಿಕೆಯನ್ನು ಎದೆ ತೆರೆಯದೇ ಮಾಡುವ ವಿಧಾನವಿದು. ತೊಡೆಸಂದಿಯ ಅಭಿಧಮನಿಯಿಂದ ಕ್ಯಾತೆಟರ್ ಎಂಬ ತೆಳು ನಳಿಕೆಯನ್ನು ಹೃದಯಕ್ಕೆ ಕಳಿಸುತ್ತಾರೆ. ಸುತ್ತಿನ ದಾರಿಯನ್ನು ಹುಡುಕಿ, ಅದರ ಒಂದು ಬಿಂದುವನ್ನು ರೇಡಿಯೋ ತರಂಗದ ಬಿಸಿಯಿಂದ ಸುಡುತ್ತಾರೆ. ನೋಯುತ್ತದೆಯೇ? ಸೂಜಿ ಚುಚ್ಚುವ ಜಾಗವನ್ನು ಮರಗಟ್ಟಿಸಿರುತ್ತಾರೆ, ಒಳಗೆ ಸ್ವಲ್ಪ ಬಿಸಿ ತಾಕಿದಂತೆನಿಸಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಎರಡು ದಾರಿಯ ಎಸ್‌ವಿಟಿಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರಿಗೆ ಇದು ಗುಣ ಕೊಡುತ್ತದೆ. ಎವಿ ನೋಡಿಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಅಪಾಯವೂ ಇದೆ, ಅದು ನೂರರಲ್ಲಿ ಒಬ್ಬರ ಆಸುಪಾಸು. ಪದೇ ಪದೇ ಎಸ್‌ವಿಟಿ ಬಂದು, ವರ್ಷಗಟ್ಟಲೆ ಮಾತ್ರೆ ನುಂಗುತ್ತ ಅದು ಯಾವಾಗ ಬರುವುದೋ ಎಂಬ ಭಯದಲ್ಲಿರುವವರು ಅಬ್ಲೇಷನ್ ಬಗ್ಗೆ ಒಮ್ಮೆ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ನೆಂಟರ ಮಾತ್ರೆಯ ವಿಷಯ ಇಲ್ಲಿ ಬರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಎವಿ ನೋಡಿನ ಹೊರಗೆ, ಮೇಲ್ಕೋಣೆಗೂ ಕೆಳಕೋಣೆಗೂ ನಡುವೆ ಒಂದು ಹೆಚ್ಚುವರಿ ಸ್ನಾಯುಸೇತುವೆ ಇರುತ್ತದೆ. 1930ರಲ್ಲಿ ಇದರ ಲಕ್ಷಣ ಬರೆದ ಮೂವರ ಹೆಸರಿನಿಂದ ಇದು ವುಲ್ಫ್-ಪಾರ್ಕಿನ್ಸನ್-ವೈಟ್, ಚಿಕ್ಕದಾಗಿ ಡಬ್ಲ್ಯೂಪಿಡಬ್ಲ್ಯೂ. ಇಂಥವರಿಗೆ ಮೇಲ್ಕೋಣೆ ಅಡ್ಡಾದಿಡ್ಡಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್ ಕೂಡ ಬಂದಾಗ ವೆರಾಪಮಿಲ್ ಕೊಟ್ಟರೆ ಏನಾಗುತ್ತದೆ? ಎವಿ ನೋಡ್ ತಡೆಯುತ್ತದೆ, ಸೇತುವೆ ತಡೆಯುವುದಿಲ್ಲ. ಮೇಲಿನ ಗದ್ದಲವೆಲ್ಲ ಸೇತುವೆಯ ಮೂಲಕ ಕೆಳಕೋಣೆಗೆ ಇಳಿದು ಹೃದಯಸ್ತಂಭನ ಆಗಬಹುದು. ನೆಂಟರ ಎಸ್‌ವಿಟಿಯನ್ನು ಹಿಡಿತದಲ್ಲಿಟ್ಟ ಅದೇ ಮಾತ್ರೆ ಇದು.

ಕ್ಯಾಲ್ಸಿಯಂ ಉಕ್ಕಿದಾಗ, ಪೊಟ್ಯಾಷಿಯಂ ತಡವಾದಾಗ

ಮೂರನೆಯ ಬಗೆಯಲ್ಲಿ ಸುತ್ತುವ ದಾರಿ ಬೇಕಿಲ್ಲ. ಒಂದು ಬಡಿತ ಮುಗಿಯುವ ಮೊದಲೋ ಮುಗಿದ ಬೆನ್ನಿಗೋ ಜೀವಕೋಶ ತಾನಾಗಿಯೇ ಮತ್ತೆ ಕಿಡಿಯೇಳುತ್ತದೆ. ಇದಕ್ಕೆ ಟ್ರಿಗರ್ಡ್ ಆಕ್ಟಿವಿಟಿ, ಅಂದರೆ ಪ್ರಚೋದಿತ ಬಡಿತ ಎಂದು ಹೆಸರು. ಜೀವಕೋಶದೊಳಗೆ ಕ್ಯಾಲ್ಸಿಯಂ ಮಿತಿಮೀರಿದರೆ ಹೀಗಾಗುತ್ತದೆ. ಡಿಗಾಕ್ಸಿನ್ ಮಾತ್ರೆ ಹೆಚ್ಚಾದಾಗ ಆಗುವುದು ಇದೇ. ನಮ್ಮ ಬೇಲಿಸಾಲಿನ ಕಣಗಿಲೆಯ ವಿಷವೂ ಡಿಗಾಕ್ಸಿನ್ ಹಿಡಿಯುವ, ಜೀವಕೋಶದ ಪೊರೆಯಲ್ಲಿನ ಸೋಡಿಯಂ-ಪೊಟ್ಯಾಷಿಯಂ ಪಂಪನ್ನೇ ಹಿಡಿದು ಕ್ಯಾಲ್ಸಿಯಂ ಏರಿಸುತ್ತದೆ. ಮಕ್ಕಳು ಅದರ ಕಾಯಿಯನ್ನೋ ಎಲೆಯನ್ನೋ ಬಾಯಿಗೆ ಹಾಕಿಕೊಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಇಸಿಜಿ ನೋಡುವ ಸೌಲಭ್ಯವಿರುವ ಆಸ್ಪತ್ರೆಗೆ ಓಡಬೇಕು.

ಪೊಟ್ಯಾಷಿಯಂ ಹೊರಹೋಗುವುದು ತಡವಾದರೂ ಹೀಗೇ. ಜೀವಕೋಶ ಮರಳುವ ಹೊತ್ತು ಉದ್ದವಾಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಹಿಗ್ಗುತ್ತದೆ. ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ 500 ಮಿಲಿಸೆಕೆಂಡ್ ದಾಟಿದರೆ ಅಪಾಯದ ಗಂಟೆ. ಲಾಂಗ್ ಕ್ಯೂಟಿ ಎಂಬ ಈ ತೊಂದರೆ ವಂಶವಾಹಿಯಲ್ಲೇ ಬಂದಿರಬಹುದು. ಯಾವ ಕಿಂಡಿ ಕೆಟ್ಟಿದೆ ಎಂಬುದರ ಮೇಲೆ ಅಪಾಯದ ಸಮಯವೂ ಬೇರೆಯಾಗುತ್ತದೆ. ಲಾಂಗ್ ಕ್ಯೂಟಿಯ ಮೊದಲ ಬಗೆಯವರಿಗೆ ಓಡುವಾಗ, ಅದರಲ್ಲೂ ಈಜುವಾಗ. ಎರಡನೇ ಬಗೆಯವರಿಗೆ ಅಲಾರಂ, ಫೋನು ಇದ್ದಕ್ಕಿದ್ದಂತೆ ಹೊಡೆದುಕೊಂಡಾಗ. ಈ ಎರಡರಲ್ಲೂ ಕೆಟ್ಟಿರುವುದು ಪೊಟ್ಯಾಷಿಯಂ ಕಿಂಡಿ. ಮೂರನೇ ಬಗೆಯಲ್ಲಿ ಸೋಡಿಯಂ ಕಿಂಡಿ ಸರಿಯಾಗಿ ಮುಚ್ಚುವುದಿಲ್ಲ, ಅಂಥವರಿಗೆ ನಿದ್ದೆಯಲ್ಲಿ ಅಪಾಯ. ಆದ್ದರಿಂದ ಮೊದಲ ಬಗೆಗೆ ಬೀಟಾ ಬ್ಲಾಕರ್ ಚೆನ್ನಾಗಿ ಒದಗುತ್ತದೆ. ಮೂರನೆಯದಕ್ಕೆ ಸೋಡಿಯಂ ತಡೆಯುವ ಮೆಕ್ಸಿಲೆಟಿನ್ ಕೂಡ ನೆರವಾಗುತ್ತದೆ. ಜೀವಕೋಶದ ತಿಳಿವಳಿಕೆ ಚಿಕಿತ್ಸೆಯನ್ನು ಇಷ್ಟು ನೇರವಾಗಿ ತೋರಿಸಿಕೊಡುವ ಉದಾಹರಣೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ಹುಟ್ಟುಕಿವುಡಿನ ಜೊತೆಗೆ ಬರುವ ಒಂದು ತೀವ್ರ ಬಗೆಯೂ ಇದೆ. ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ 1957ರಲ್ಲಿ ಅದನ್ನು ವರದಿ ಮಾಡಿದರು. ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಇದನ್ನು ಗಮನಿಸಬೇಕು. ಹುಟ್ಟಿನಿಂದ ಕಿವಿ ಕೇಳದ ಮಗು ಆಡುತ್ತಲೋ ಹೆದರಿಯೋ ಎಚ್ಚರ ತಪ್ಪಿದರೆ ಫಿಟ್ಸ್ ಎಂದು ಸುಮ್ಮನಾಗಬೇಡಿ. ಒಂದು ಇಸಿಜಿ ತೆಗೆಸಿ.

ವಂಶವಾಹಿ ಸರಿಯಿದ್ದರೂ ಔಷಧಿಗಳಿಂದ ಕ್ಯೂಟಿ ಹಿಗ್ಗಬಹುದು. ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಹ್ಯಾಲೋಪೆರಿಡಾಲ್, ವಾಂತಿಗೆ ಕೊಡುವ ಒಂಡನ್ಸೆಟ್ರಾನ್, ಡೊಂಪೆರಿಡೋನ್ ಈ ಪಟ್ಟಿಯಲ್ಲಿವೆ. ಡೊಂಪೆರಿಡೋನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗ್ಯಾಸ್‌ಗೆಂದು ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲನ್ನು ಎಷ್ಟೋ ಮನೆಗಳಲ್ಲಿ ಚೀಟಿಯಿಲ್ಲದೆ ತಂದು ನುಂಗುತ್ತಾರೆ. ಡೊಂಪೆರಿಡೋನ್ ಪೊಟ್ಯಾಷಿಯಂ ಕಿಂಡಿಯನ್ನು ತಡೆಯಬಲ್ಲದು. ಪ್ಯಾಂಟೊಪ್ರಜೋಲನ್ನು ತುಂಬಾ ಕಾಲ ನುಂಗಿದರೆ ಕೆಲವರಿಗೆ ರಕ್ತದ ಮೆಗ್ನೀಷಿಯಂ ಇಳಿಯುತ್ತದೆ, ಅದೂ ಇದೇ ಅಪಾಯವನ್ನು ಹೆಚ್ಚಿಸುತ್ತದೆ. ಲಯದೋಷದ ಡವಡವವನ್ನು ಗ್ಯಾಸ್ ಎಂದು ತಿಳಿದು ಈ ಕ್ಯಾಪ್ಸೂಲ್ ನುಂಗುವವರ ಪಾಡನ್ನು ಯೋಚಿಸಿ. ಭೇದಿಯಿಂದ, ನೀರಿಳಿಸುವ ಮಾತ್ರೆಯಿಂದ ಪೊಟ್ಯಾಷಿಯಂ ಕಡಿಮೆಯಾಗಿದ್ದರಂತೂ ಇನ್ನೂ ಕಷ್ಟ. ಎಳನೀರು ಕುಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಪೊಟ್ಯಾಷಿಯಂ ಇದೆ, ಸರಿ. ಆದರೆ ಕಿಡ್ನಿ ತೊಂದರೆಯಿರುವವರಿಗೆ ಅದು ಮಿತಿಮೀರಿ ಹೃದಯವನ್ನೇ ನಿಲ್ಲಿಸಬಹುದು. ರಕ್ತಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು.

ಕಲೆಯಿರುವ ಹೃದಯ, ಕಂಪಿಸುವ ಮೇಲ್ಕೋಣೆ

ಹೃದಯಾಘಾತವಾದವರಲ್ಲಿ ನಡುನಡುವೆ ಹೆಚ್ಚುವರಿ ಬಡಿತಗಳು ಬರುತ್ತವೆ. ಅವನ್ನು ಅಡಗಿಸಿದರೆ ದಿಢೀರ್ ಸಾವು ತಪ್ಪುತ್ತದೆ ಎಂದು 1980ರ ದಶಕದಲ್ಲಿ ವೈದ್ಯರು ನಂಬಿದ್ದರು. ಅಮೆರಿಕದಲ್ಲಿ ಕಾಸ್ಟ್ ಎಂಬ ಹೆಸರಿನ ದೊಡ್ಡ ಅಧ್ಯಯನ ನಡೆಯಿತು. ಫ್ಲೆಕೈನೈಡ್, ಎನ್‌ಕೈನೈಡ್ ಮಾತ್ರೆಗಳು ಹೆಚ್ಚುವರಿ ಬಡಿತವನ್ನು ಅಡಗಿಸಿದವು. ಆದರೆ ಮಾತ್ರೆ ಪಡೆದ 755 ಮಂದಿಯಲ್ಲಿ 63 ಜನ ಸತ್ತರು, ಬರೀ ಸಕ್ಕರೆ ಮಾತ್ರೆಯಂಥದ್ದನ್ನು ಪಡೆದ 743ರಲ್ಲಿ 26 ಜನ. ಅಧ್ಯಯನದ ಈ ಭಾಗವನ್ನು 1989ರಲ್ಲಿ ನಡುವೆಯೇ ನಿಲ್ಲಿಸಿದರು. ಕಾರಣ ಜೀವಕೋಶದಲ್ಲಿದೆ. ಕಲೆಯ ಅಂಚಿನಲ್ಲಿ ಸಂಕೇತ ಮೊದಲೇ ನಿಧಾನ. ಸೋಡಿಯಂ ಕಿಂಡಿ ತಡೆದರೆ ಇನ್ನೂ ನಿಧಾನವಾಗಿ, ಹಿಂದಿನ ಜಾಗ ಚೇತರಿಸಿಕೊಳ್ಳಲು ಹೊತ್ತು ಸಿಕ್ಕಿ, ಮಾರಕ ಸುತ್ತಿಗೆ ದಾರಿಯಾಗುತ್ತದೆ. ಹಾಗೆಂದು ಫ್ಲೆಕೈನೈಡ್ ಕೆಟ್ಟ ಮದ್ದಲ್ಲ. ಕಲೆಯಿಲ್ಲದ ಗಟ್ಟಿ ಹೃದಯದಲ್ಲಿ ಕೆಲವು ಲಯದೋಷಗಳಿಗೆ ಇಂದಿಗೂ ಒಳ್ಳೆಯದು. ಅದನ್ನು ಬರೆಯುವ ಮುಂಚೆ ವೈದ್ಯರು ಎಕೋ ಪರೀಕ್ಷೆ ಕೇಳುವುದು ಇದೇ ಕಾರಣಕ್ಕೆ, ದುಡ್ಡು ಕೀಳಲಿಕ್ಕಲ್ಲ.

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ನಾಡಿ ವೇಗವಷ್ಟೇ ಅಲ್ಲ, ಗೊತ್ತುಗುರಿಯಿಲ್ಲದೆ ಬಡಿಯುತ್ತದೆ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಾಗೇರ್ ತಂಡ ಇದರ ಕಿಡಿ ಎಲ್ಲಿಂದ ಏಳುತ್ತದೆಂದು ಹುಡುಕಿತು. ಅವರು ಗುರುತಿಸಿದ 69 ಮೂಲಗಳಲ್ಲಿ 65 ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳೊಳಗೆ ಚಾಚಿಕೊಂಡ ಹೃದಯಸ್ನಾಯುವಿನಲ್ಲಿದ್ದವು. ಆ ಅಭಿಧಮನಿಗಳ ಬಾಯಿಯ ಸುತ್ತ ಸುಟ್ಟು ಬೇರ್ಪಡಿಸುವ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಈಗ ಬಿಸಿಯ ಬದಲು ಚುಟುಕು ವಿದ್ಯುತ್ ಮಿಡಿತದಿಂದ ಜೀವಕೋಶದ ಪೊರೆಯಲ್ಲೇ ರಂಧ್ರ ಮಾಡುವ ಪಲ್ಸ್ಡ್ ಫೀಲ್ಡ್ ವಿಧಾನವೂ ಬಂದಿದೆ. ಅಮೆರಿಕದಲ್ಲಿ ಅದಕ್ಕೆ 2023ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಹೃದಯದ ಜೀವಕೋಶಗಳು ಇದಕ್ಕೆ ಬೇಗ ಸಾಯುತ್ತವೆ, ಹೃದಯದ ಹಿಂದಿರುವ ಅನ್ನನಾಳಕ್ಕೆ ಪೆಟ್ಟು ಕಡಿಮೆ.

ಏಟ್ರಿಯಲ್ ಫಿಬ್ರಿಲೇಷನ್ ಅನ್ನು ವರ್ಷಗಟ್ಟಲೆ ಹಾಗೇ ಬಿಡಬಾರದು. ಫಿಬ್ರಿಲೇಷನ್ ಮುಂದುವರಿದಷ್ಟೂ ಜೀವಕೋಶದ ಬಿಡುವು ಮೊಟಕಾಗಿ ಇನ್ನಷ್ಟು ಫಿಬ್ರಿಲೇಷನ್‌ಗೆ ಅದೇ ದಾರಿಯಾಗುತ್ತದೆಂದು 1995ರಲ್ಲಿ ಮೇಕೆಗಳ ಮೇಲಿನ ಪ್ರಯೋಗ ತೋರಿಸಿತು. ಇನ್ನೊಂದು ಅಪಾಯ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯುವುದು. ಅದಕ್ಕೆ ರಕ್ತ ತೆಳುಗೊಳಿಸುವ ಮಾತ್ರೆ ಬೇಕು. ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಹೊಸವು ಅನುಕೂಲಕರ. ಆದರೆ ಚಿಕ್ಕಂದಿನ ಕೀಲುಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಹಳೆಯ ವಾರ್ಫರಿನ್ ಬಗೆಯದೇ ಮೇಲು. 2022ರ ಇನ್‌ವಿಕ್ಟಸ್ ಅಧ್ಯಯನ ಇದನ್ನು ತೋರಿಸಿತು. ಅದನ್ನು ನುಂಗುವಾಗ ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಐಎನ್ಆರ್ ಪರೀಕ್ಷೆ ಪದೇ ಪದೇ ಮಾಡಿಸುವುದು ಬೇಸರ ತರಿಸಿದರೂ ಬಿಡಬೇಡಿ.

ಖರ್ಚೆಷ್ಟು, ಎಲ್ಲಿಗೆ ಹೋಗಬೇಕು?

ಮುಖ್ಯವಾದ ಕೆಲಸ ಒಂದೇ: ಡವಡವ ಇರುವಾಗಲೇ ಇಸಿಜಿ ಹಿಡಿಯುವುದು. ಮಾಮೂಲಿ ಇಸಿಜಿ ಸುಮಾರು 10 ಸೆಕೆಂಡಿನದು. ಬಡಿತ ಸರಿಹೋದ ಮೇಲೆ ತೆಗೆಸಿದರೆ ನಾರ್ಮಲ್ ಬರುವುದೇ ಹೆಚ್ಚು. ಹಾಗಾಗಿ ಡವಡವ ಶುರುವಾದೊಡನೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ನರ್ಸಿಂಗ್ ಹೋಮಿಗೋ ಹೋಗಿ. ಇಸಿಜಿಯ ಹಾಳೆಯನ್ನು ಕೇಳಿ ತೆಗೆದುಕೊಳ್ಳಿ, ಫೋನಿನಲ್ಲಿ ಫೋಟೊ ತೆಗೆದಿಡಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುವ ವ್ಯವಸ್ಥೆಯಿದೆ. ಅದರ ಮುಖ್ಯ ಗುರಿ ಹೃದಯಾಘಾತ, ಆದರೂ ಹಾಳೆ ನಿಮ್ಮ ಕೈಯಲ್ಲಿದ್ದರೆ ಲಯದೋಷಕ್ಕೂ ಉಪಯೋಗಕ್ಕೆ ಬರುತ್ತದೆ. ದಿನಕ್ಕೊಮ್ಮೆ ಬರುವ ತೊಂದರೆಯಾದರೆ 24 ಗಂಟೆ ಎದೆಗೆ ಕಟ್ಟುವ ಹೋಲ್ಟರ್ ಸಾಕು. ತಿಂಗಳಿಗೊಮ್ಮೆ ಬರುವುದಾದರೆ ಅದು ದಂಡ, ಹೆಚ್ಚು ದಿನ ಇರುವ ರೆಕಾರ್ಡರ್ ಕೇಳಿ. ಇಸಿಜಿ ಇರುವ ಸ್ಮಾರ್ಟ್ ವಾಚಿನ 30 ಸೆಕೆಂಡಿನ ದಾಖಲೆಯೂ ವೈದ್ಯರಿಗೆ ನೆರವಾಗುತ್ತದೆ.

ಖಾಸಗಿಯಲ್ಲಿ ಇಸಿಜಿಗೆ ಕೆಲವು ನೂರು ರೂಪಾಯಿ, ಹೋಲ್ಟರಿಗೆ ಕೆಲವು ಸಾವಿರ, ಅಬ್ಲೇಷನ್‌ಗೆ ಲಕ್ಷದ ಲೆಕ್ಕ. ಫಿಬ್ರಿಲೇಷನ್‌ಗಾದರೆ ಇನ್ನೂ ಮೇಲೆ. ಮೆಟೊಪ್ರೊಲಾಲ್‌ನಂಥ ಹಳೆಯ ಮಾತ್ರೆಗಳು ಅಗ್ಗ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ರೆಫರಲ್ ಪತ್ರ ಬೇಕೇ ಎಂದು ದಾಖಲಾಗುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಲಯದೋಷದ ತಜ್ಞರಿದ್ದಾರೆ. ಅದೇ ಸಂಸ್ಥೆ ಮೈಸೂರು, ಕಲಬುರಗಿಗಳಲ್ಲೂ ಇದೆ. ಬೇರೆಲ್ಲಿಗೆ ಹೋದರೂ ‘ಎಲೆಕ್ಟ್ರೋಫಿಸಿಯಾಲಜಿಸ್ಟ್ ಇದ್ದಾರೆಯೇ’ ಎಂದು ಕೇಳಿ. ಹೃದ್ರೋಗ ತಜ್ಞರಲ್ಲೇ ವಿದ್ಯುತ್ ವಿಚಾರಕ್ಕೆ ಮೀಸಲಾದವರು ಅವರು.

ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಗ್ಯಾಸಿನ ಮಾತ್ರೆ, ಆಯುರ್ವೇದದ ಗುಳಿಗೆ ಯಾವುದನ್ನೂ ಬಿಡಬೇಡಿ. ಮನೆತನದಲ್ಲಿ ನಲವತ್ತರೊಳಗೆ ದಿಢೀರನೆ ತೀರಿಕೊಂಡವರಿದ್ದರೆ ಹೇಳಿ. ಅಮಿಯೋಡರೋನ್ ನುಂಗುವವರು ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಏಕೆಂದರೆ ಅಮಿಯೋಡರೋನ್ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಯೋಡಿನ್. ಒಣಕೆಮ್ಮು, ಏದುಸಿರು ಬಂದರೆ ಪರೀಕ್ಷೆಯ ದಿನಕ್ಕೆ ಕಾಯಬೇಡಿ. ಡವಡವದ ಜೊತೆ ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಮಾತು ತೊದಲಿದರೆ ಗಾಡಿ ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ.